ಏಳು ದಿನದ ಗಡುವು

ಕೋರ್ಟಿನಿಂದ ಮರಳಿದ ಯಾದ್ವಿಗಾ ಬಾಗಿಲು ತೆರೆದಾಗ ಅತ್ತೆ ಸ್ತೆಫಾನಿಯಾ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಒಲೆಯ ಮೇಲೆ ಬೀಟ್‌ರೂಟ್ ಸಾರು ಸೀದುಹೋಗಿತ್ತು.

"ಅಯ್ಯೋ ಅಮ್ಮಾ! ನನ್ನ ನೋಡಿ... ಅಮ್ಮಾ!"

ಮುದುಕಿಗೆ ಮಾತು ಹೊರಡಲಿಲ್ಲ. ಸೊಸೆಯ ತೋಳು ಹಿಡಿದ ಕೈ ಮಾತ್ರ ಆಂಬುಲೆನ್ಸ್ ಬರುವವರೆಗೂ ಸಡಿಲಲಿಲ್ಲ.

ಅಂದೇ ಬೆಳಿಗ್ಗೆ ಯಾದ್ವಿಗಾ ಮೊಕದ್ದಮೆ ಸೋತಿದ್ದಳು. ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಬಟ್ಟಲುಗಳ ಅಂಚಿಗೆ ಚಿನ್ನದ ಗೆರೆ ಎಳೆದವಳು ಅವಳು. ವಿಭಾಗದ ಮೇಲ್ವಿಚಾರಣೆಯ ಕೆಲಸ ಖಾಲಿಯಾದಾಗ, ಅದು ಅವಳೇ ಕುಂಚ ಹಿಡಿಯಲು ಕಲಿಸಿದ್ದ ಮೂವತ್ತರ ತೋಮೆಕ್‌ನ ಪಾಲಾಯಿತು. "ಐವತ್ತಾರಾಯ್ತಲ್ಲಮ್ಮ, ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರಿ" ಎಂದು ಮ್ಯಾನೇಜರ್ ನಕ್ಕಿದ್ದ. ಮೊಮ್ಮಕ್ಕಳಿರಲಿ, ಅವಳಿಗೆ ಮಕ್ಕಳೇ ಇರಲಿಲ್ಲ. ಗಂಡ ತೀರಿ ಎಂಟು ವರ್ಷವಾಗಿತ್ತು. ವಯಸ್ಸಿನ ನೆಪದಲ್ಲಿ ಅನ್ಯಾಯವಾಯಿತೆಂದು ವಕೀಲರಿಲ್ಲದೆ ತಾನೇ ದಾವೆ ಹೂಡಿದಳು. ಆದರೆ ಅದೇ ಕಾರ್ಖಾನೆಯ ಕಚೇರಿಯಲ್ಲಿದ್ದ ನಾದಿನಿ ರೆನಾತಾ ಸಾಕ್ಷಿ ಹೇಳಲು ನಿಂತು, "ಅತ್ತಿಗೆ ಕೈ ನಡುಗುತ್ತೆ, ನಾನೇ ನೋಡಿದ್ದೀನಿ" ಎಂದುಬಿಟ್ಟಳು!

ತೀರ್ಪು ಓದಿದ ಮೇಲೆ ನ್ಯಾಯಾಧೀಶೆ ನಿಧಾನವಾಗಿ ತಿಳಿಸಿದ್ದರು: "ಮೇಲ್ಮನವಿ ಹಾಕೋದಾದ್ರೆ, ತೀರ್ಪಿನ ಕಾರಣಗಳನ್ನ ಬರೆದುಕೊಡಿ ಅಂತ ಏಳು ದಿನದೊಳಗೆ ಅರ್ಜಿ ಕೊಡಿ. ಇಲ್ಲದಿದ್ರೆ ಹಕ್ಕು ಹೋಗುತ್ತೆ."

ಆ ಏಳು ದಿನಗಳಲ್ಲಿ ಆರು ಆಸ್ಪತ್ರೆಯಲ್ಲಿ ಕಳೆದವು. ಅತ್ತೆಯನ್ನು ಮಗ್ಗುಲು ಹೊರಳಿಸುತ್ತ, ಚಮಚದಲ್ಲಿ ಗಂಜಿ ತಿನ್ನಿಸುತ್ತ ಯಾದ್ವಿಗಾ ಒಬ್ಬಳೇ ಕೂತಳು. ಆರನೆಯ ದಿನ ಸ್ತೆಫಾನಿಯಾ ಕಣ್ಣು ಮುಚ್ಚಿದರು. ಮಣ್ಣು ಮಾಡಿದ್ದು ಗುರುವಾರ; ಸಾವಿನ ಸುದ್ದಿ ನೆರೆಯವರಿಂದ ತಿಳಿದು ರೆನಾತಾ ಬಂದದ್ದು ಆಗಲೇ. ಮರುದಿನ, ಶವಸಂಸ್ಕಾರಕ್ಕೆ ಹಾಕಿದ್ದ ಕಪ್ಪು ಕೋಟನ್ನು ಬೀರುವಿನಲ್ಲಿ ತೂಗುಹಾಕುವಾಗ ಅರ್ಜಿ ನೆನಪಾಯಿತು... ಗಡುವು ಮುಗಿದು ಮೂರು ದಿನವಾಗಿತ್ತು!

ಗಡುವನ್ನು ಮತ್ತೆ ಕೊಡಬೇಕೆಂದು ಬೇಡಿ, ಮರಣಪತ್ರ ಲಗತ್ತಿಸಿ ಕೋರ್ಟಿಗೆ ಬರೆದಳು. ಮೊದಲು ಅನುಮತಿ, ಆಮೇಲೆ ಅಸಲು ಅರ್ಜಿ ಎಂದುಕೊಂಡಿದ್ದಳು. ತಿಂಗಳ ಮೇಲೆ ಉತ್ತರ ಬಂತು: ತಿರಸ್ಕೃತ.

"ಎರಡನ್ನೂ ಒಟ್ಟಿಗೇ ಕೊಡಬೇಕಿತ್ತಮ್ಮಾ" ಎಂದಳು ಕೋರ್ಟಿನ ಗುಮಾಸ್ತೆ, ಗಾಜಿನಾಚೆಯಿಂದ. "ಈಗ ಏನೂ ಮಾಡೋಕಾಗಲ್ಲ."

ಭಾನುವಾರ ತಾಯಿಯ ಬಟ್ಟೆಗಳನ್ನು ಒಯ್ಯಲು ಬಂದ ರೆನಾತಾ ಮೇಜಿನ ಮೇಲಿದ್ದ ಆ ಕಾಗದವನ್ನು ಓದಿದಳು. ಗಡುವಿನ ತಾರೀಖು ತಾಯಿ ತೀರಿದ ಮರುದಿನದ್ದೆಂದು ಕಂಡು ಕಾಗದವನ್ನು ಕೆಳಗಿಟ್ಟಳು.

"ಅಮ್ಮನಿಗೋಸ್ಕರ ಹೀಗಾಯ್ತಾ? ನನಗೊಂದು ಫೋನ್ ಮಾಡಬಾರದಿತ್ತಾ ಅತ್ತಿಗೆ? ಒಂದಿನ ನಾನು ಕೂರ್ತಿರಲಿಲ್ವಾ?"

"ಮಾಡಿದ್ದೆ, ರೆನಾತಾ. ನಾಲ್ಕು ಸಲ."

ರೆನಾತಾ ಕುರ್ಚಿ ಎಳೆದುಕೊಂಡು ಕೂತಳು. "ನಿಮ್ಮ ಹೆಸರು ನೋಡಿ ಎತ್ತಲಿಲ್ಲ... ಜಗಳಕ್ಕೆ ಅಂದ್ಕೊಂಡೆ... ನನ್ನ ಕೆಲಸ ಹೋಗುತ್ತೆ ಅಂತ ಹೆದರಿ ಸುಳ್ಳು ಹೇಳಿದೆ ಅತ್ತಿಗೆ! ಮೇಲಿನ ಕೋರ್ಟಲ್ಲಿ ನಿಜ ಹೇಳ್ತೀನಿ, ನಮ್ಮಮ್ಮನಾಣೆ!"

"ಮೇಲಿನ ಕೋರ್ಟು ಇನ್ನೆಲ್ಲಿದೆ?" ಎಂದಳು ಯಾದ್ವಿಗಾ. ಬಯ್ಯಬೇಕೆಂದರೂ ಸಿಟ್ಟು ಬರಲಿಲ್ಲ. "ಇಲ್ಲೇ ಹೇಳು. ನನಗೇ ಹೇಳು."

"ನಿಮ್ಮ ಕೈ ಯಾವತ್ತೂ ನಡುಗಿಲ್ಲ..." ರೆನಾತಾ ಬಿಕ್ಕಿದಳು. "ಆ ವಿಭಾಗದಲ್ಲಿ ನಿಮ್ಮಷ್ಟು ಚೆನ್ನಾಗಿ ಗೆರೆ ಎಳೆಯೋರು ಒಬ್ಬರೂ ಇಲ್ಲ..."

"ಇನ್ನೊಂದ್ಸಲ ಹೇಳು."

ರೆನಾತಾ ಇನ್ನೊಂದು ಸಲ ಹೇಳಿದಳು. ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಸಂಜೆಯ ಬಸ್ಸಿಗೆ ಅವಳು ಗಂಟು ಹೊತ್ತು ಹೊರಟುಹೋದಳು.

ಮರುದಿನ ಪಾಳಿಗೆ ಮುಕ್ಕಾಲು ಗಂಟೆ ಮೊದಲೇ ಯಾದ್ವಿಗಾ ಕಾರ್ಖಾನೆಯಲ್ಲಿದ್ದಳು. ತೋಮೆಕ್ ಹಾಜರಿ ಪುಸ್ತಕ ತೆರೆಯುತ್ತ, ಅವಳ ಮುಖ ನೋಡಲಾರದೆ ಕೇಳಿದ:

"ಇಷ್ಟು ಬೇಗ ಬಂದ್ರಾ, ಮೇಡಂ?"

"ಮನೇಲಿ ಯಾರಿದ್ದಾರಪ್ಪ?" ಎಂದು ಸಹಿ ಹಾಕಿ, ಅವಳು ತನ್ನ ಮೇಜಿನ ದೀಪ ಹಾಕಿದಳು.