ಹುಳಿ ಮೇಪಲ್

ಭಾನು ಕೆಂಪೆಲೆಯೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಳು.

"ಅಯ್ಯೋ! ಜಪಾನ್ ಗಿಡ ಕಣ್ರಿ ಅದು!" ಕುಂಡ ಇಳಿಸುತ್ತಿದ್ದ ನರ್ಸರಿಯ ಕುಮಾರೇಶ್ ಕೂಗಿದ.

ಅವಳು ನಿಧಾನವಾಗಿ ಅಗಿದಳು. ಮತ್ತಿಗಿರಿಯ ಈ ಹೊಸ ಮನೆಯ ತೋಟ ನೋಡಿಕೊಳ್ಳುವವಳು ಅವಳೇ. ಇವನನ್ನು ಕಂಡದ್ದು ಇದೇ ಮೊದಲು.

"ಹುಳಿ... ಗೋಂಗೂರ, ಅದೇ ಪುಂಡಿ ಸೊಪ್ಪಿನ ಜಾತಿ ಇದು. ಚಟ್ನಿ ಮಾಡ್ಬೋದು."

ಮನೆಯೊಡತಿ ಕಲ್ಪನಾ ಕಿಸಕ್ಕನೆ ನಕ್ಕರು.

"ಜಪಾನೀಸ್ ಮೇಪಲ್ ರೀ! ಎಲೆ ನೋಡಿ, ಅಂಗೈ ಇದ್ದಂಗೈತೆ," ಕುಮಾರೇಶ್ ಪಟ್ಟು ಬಿಡಲಿಲ್ಲ.

"ಆಕಾರ ಬಿಡಿ. ಮೇಪಲ್ ಆದ್ರೆ ಎಲೆ ಜೋಡಿ ಜೋಡಿ, ಎದುರುಬದುರು ಬತ್ತವೆ. ಇಲ್ಲಿ ಒಂದು ಅತ್ಲಾಗೆ, ಒಂದು ಇತ್ಲಾಗೆ. ನಿಜವಾದ್ದು ನಮ್ಮನೇಲಿದೆ. ಇನ್ನೂ ಎಷ್ಟು ಜನಕ್ಕೆ ಟೋಪಿ ಹಾಕಿದ್ದೀರಿ?"

"ಮಾನ ಕಳೀಬೇಕು ಅಂತ್ಲೇ ನಿಂತಿದ್ದೀರಾ?" ಕುಂಡ ಹೊತ್ತುಕೊಂಡು ಹೊರಟೇಬಿಟ್ಟ.

ಕಳ್ಳ! ಅಂದುಕೊಂಡಳು ಭಾನು. ಆದರೆ ಆ ಕಣ್ಣಲ್ಲಿ ಕಳ್ಳತನ ಇರಲಿಲ್ಲವಲ್ಲ...

ಐದನೇ ದಿನ ಬೆಳಿಗ್ಗೆ, ಡೆಂಕಣಿಕೋಟೆಯ ಅವಳ ಮನೆ ಮುಂದೆ ಅವನ ಟೆಂಪೊ ನಿಂತಿತು.

"ಕಲ್ಪನಾ ಮೇಡಂ ಅಡ್ರೆಸ್ ಕೊಟ್ರು. ನಿಜವಾದ ಮೇಪಲ್ ನಾನು ಕಂಡೇ ಇಲ್ಲ ಕಣ್ರಿ. ಸಸಿ ಮಾರಿದ ಏಜೆಂಟು ಹೇಳಿದ ಹೆಸರು ನಂಬ್ಬುಟ್ಟೆ. ಒಂದ್ಸಲ ತೋರುಸ್ತೀರಾ?"

ಬೇವಿನ ನೆರಳಲ್ಲಿ ಮೊಣಕಾಲೆತ್ತರದ ಗಿಡ. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚಳಿ ತಾಗಲೆಂದು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಮೊಳೆಸಿದ್ದಳು. ಮೊಸರಿನ ಪಕ್ಕ ಇದೇನು ಕರ್ಮ ಎಂದು ಅಮ್ಮ ಮುನಿಗಂಗಮ್ಮ ದಿನವೂ ಬೈದಿದ್ದರು.

ಅವನು ಮಂಡಿಯೂರಿ ಕೂತ. ಕಡ್ಡಿಯ ಮೇಲೆ ಬೆರಳಿಟ್ಟು ಎಲೆ ಎಣಿಸಿದ. ಎರಡು... ಎರಡು... ಎರಡು.

"ಮೂವತ್ತೊಂದು ಮನೆಗೆ ಆ ಹುಳಿ ಗಿಡ ಕೊಟ್ಟಿದ್ದೀನಿ. ಇವತ್ತು ಎಲ್ಲಾ ಮನೆಗೂ ಹೋಗಿ ತಪ್ಪಾಯ್ತು ಅಂತೀನಿ." ತಲೆಯೆತ್ತದೆ ಮುಂದುವರಿಸಿದ, "ಅವತ್ತು ಸಿಟ್ಟು ನಿಮ್ಮೇಲಲ್ಲ... ನಿಮ್ಮ ಮುಂದೆ ಸಣ್ಣೋನಾದ್ನಲ್ಲ ಅಂತ. ನಂಗೆ ನೀವಂದ್ರೆ ಇಷ್ಟ ಭಾನು. ಈಗ್ಲೇ ಏನೂ ಹೇಳ್ಬ್ಯಾಡಿ."

ಅವಳು ಚಪ್ಪಲಿ ಮೆಟ್ಟಿ ಬಂದು ಟೆಂಪೊ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು!

"ಇಳೀರಿ! ಬೈಸ್ಕೊಳ್ಳೋದು ನಾನು. ನಿಮಗ್ಯಾಕೆ?"

"ಅವರಿಗೆ ಗಿಡದ ಬಗ್ಗೆ ಹೇಳೋರು ಯಾರು? ನೀನಾ?"

ಅವತ್ತಿನ 'ನೀವು' ಇವತ್ತು 'ನೀನು' ಆಗಿತ್ತು! ಕುಮಾರೇಶ್ ಮನೆ ಬಾಗಿಲ ಕಡೆ ನೋಡಿದ.

"ನಿಮ್ಮಮ್ಮ ನೋಡ್ತಾವ್ರೆ..."

"ನೋಡ್ಲಿ."

"ಬಸ್‌ಸ್ಟಾಂಡ್ ಗಂಟ ಬನ್ನಿ ಸಾಕು. ಅಲ್ಲಿ ಇಳ್ಕೊಳ್ಳಿ. ಸಂಜೆ ಬಂದು ಎಲ್ಲಾ ಹೇಳ್ತೀನಿ."

"ಇಳಿಯಲ್ಲ," ಅಂದಳು ಭಾನು.