ಮಂದಾಕಿನಿ ಮರೆತ ಮೀನು

ಪಾಠಶೋಧಕ ಯಂತ್ರದ ಹಸಿರು ದೀಪ ಹೊತ್ತಿಕೊಂಡಿತು. ತಲೆಗೆ ತಂತಿಗಳ ಟೋಪಿ ಹಾಕಿಕೊಂಡು ಒರಗುಕುರ್ಚಿಯಲ್ಲಿ ಕುಳಿತಿದ್ದ ಪರಿಸರ ಅಧಿಕಾರಿ ಮಂದಾಕಿನಿ, ತಾನು ಹಿಂದೆಂದೋ ಕಲಿತ ಪಾಠವೊಂದನ್ನು ಗಟ್ಟಿಯಾಗಿ ಹೇಳತೊಡಗಿದಳು.

"ಕೆರೆಯಲ್ಲಿ ಸೊಳ್ಳೆ ಹೆಚ್ಚಾದರೆ ಸೊಳ್ಳೆಮರಿ ತಿನ್ನುವ ಹೊರನಾಡಿನ ಮೀನನ್ನು ಬಿಡಬೇಕು. ಇದರಿಂದ ಬೇರೆ ಮೀನುಗಳಿಗೆ ತೊಂದರೆಯಿಲ್ಲ..."

ಹೇಳುತ್ತಿದ್ದಂತೆ ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಮಾತು ತೊದಲಿತು, ನಿಂತಿತು. ದೀಪ ನೀಲಿಗೆ ತಿರುಗಿತು.

"ಯಾಕ್ರೀ ಮೇಡಂ, ನಾ ಅತ್ತೆನೇನು?" ಮಂದಾಕಿನಿ ಕೆನ್ನೆ ಮುಟ್ಟಿ ನೋಡಿಕೊಂಡಳು.

"ಎ.ಸಿ. ಗಾಳಿ ಕಣ್ಣಿಗೆ ಬಡಿದಿರಬೇಕು," ಎಂದಳು ಡಾ. ವಾರಿಜಾ. ಆ ಯಂತ್ರವನ್ನು ರೂಪಿಸಿದವಳು ಅವಳೇ.

ಪರಿಸರದ ಕೆಲಸದಲ್ಲಿರುವವರೆಲ್ಲ ಕಾಲಕಾಲಕ್ಕೆ ಮರುಕಲಿಕೆ ಮುಗಿಸಿ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕೆಂಬ ನಿಯಮ ಬಹಳ ಹಿಂದೆಯೇ ಬಂದಿತ್ತು. ತರಬೇತಿಗಳಿಗೆ ಜನ ಬರುತ್ತಿದ್ದರು. ಸಹಿ ಹಾಕಿ, ಊಟ ಮಾಡಿ, ಕೊಟ್ಟ ಚೀಲ ಹಿಡಿದು ಊರಿಗೆ ಹೋಗಿ ಮತ್ತೆ ಹಳೆಯದನ್ನೇ ಮಾಡುತ್ತಿದ್ದರು. ಹೊಸದನ್ನು ಕಲಿಯುವುದು ಕಷ್ಟವಲ್ಲ, ಹಳೆಯದು ಜಾಗ ಬಿಡುವುದಿಲ್ಲ ಎಂಬುದು ವಾರಿಜಾಳ ವಾದ. ಯಾವುದೇ ನೆನಪನ್ನು ಹೊರಗೆ ತೆಗೆದಾಗ ಅದು ಸ್ವಲ್ಪ ಹೊತ್ತು ಹಸಿಮಣ್ಣಿನಂತೆ ಮೆತ್ತಗಿರುತ್ತದೆ. ಪಾಠಶೋಧಕ ಆ ಹೊತ್ತನ್ನೇ ಹಿಡಿದು, ಹಳೆಯ ಪಾಠವನ್ನೂ ಅದಕ್ಕೆ ಅಂಟಿಕೊಂಡ ನರತಂತುಗಳ ಜೋಡಣೆಯನ್ನೂ ಸಡಿಲಿಸಿ, ಅಲ್ಲಿ ಹೊಸ ಪಾಠವನ್ನು ಕೂರಿಸುತ್ತಿತ್ತು. ಈಗಾಗಲೇ ಹಲವು ಜಿಲ್ಲೆಗಳ ಅಧಿಕಾರಿಗಳು ಆ ಕುರ್ಚಿಯಲ್ಲಿ ಕುಳಿತು ಎದ್ದುಹೋಗಿದ್ದರು.

ಹೊಸ ಪಾಠ ಕೆಲಸಕ್ಕಿಳಿಯುವುದನ್ನು ಕಣ್ಣಾರೆ ನೋಡಬೇಕೆಂದು ವಾರಿಜಾ, ಮುಂದಿನ ವಾರ ಮಂದಾಕಿನಿಯ ಜೀಪಿನಲ್ಲಿ ಕೊಪ್ಪಳದ ಕಡೆಯ ಕಲ್ಲಗುಡ್ಡದ ಕೆರೆಗೆ ಹೊರಟಳು. ಜೀಪಿನ ಹಿಂದೆ ಒಂದು ನೀಲಿ ಡ್ರಮ್ಮು. ಅದರ ತುಂಬ ಹೊಸ ತಳಿಯ ಬಸವನಹುಳುಗಳು. ಕೆರೆಯನ್ನು ಮುಚ್ಚಿದ ಕಳೆಯನ್ನು ಅವು ಮೇಯುತ್ತವೆ. ಪ್ರಯೋಗಾಲಯದ ಕೊಳದಲ್ಲಿ ಪರೀಕ್ಷೆಯಾಗಿ ಒಪ್ಪಿಗೆ ಸಿಕ್ಕಿತ್ತು. ಪಾಠಶೋಧಕ ಮಂದಾಕಿನಿಗೆ ಕೊಟ್ಟ ಹೊಸ ಪಾಠ ಇದೇ. ದಾರಿಯುದ್ದಕ್ಕೂ ಅವಳು ಏನೋ ಗುನುಗುತ್ತಿದ್ದಳು.

ಕೆರೆಯ ಏರಿಯ ಮೇಲೆ ಬೆಸ್ತರ ಹುಲಿಗೆಮ್ಮ ಬಲೆ ಬಿಡಿಸುತ್ತ ಕುಳಿತಿದ್ದಳು. ಮಂದಾಕಿನಿ ದೂರದಿಂದಲೇ ಕೂಗಿದಳು.

"ಏನವಾ, ಆರಾಮಿದ್ದೀಯಾ? ಮೀನು ಹೆಂಗ ಬೀಳಾಕತ್ಯಾವ?"

ಹುಲಿಗೆಮ್ಮನ ಕೈ ನಿಂತಿತು. "ಮೀನಾ? ಅದನ್ನ ನೀವು ಕೇಳ್ತೀರೇನ್ರೀ?"

"ಯಾಕ, ಕೇಳಬಾರದೇನು?"

"ಇಷ್ಟು ವರ್ಸ ಕೇಳಿದ್ದಿಲ್ಲ ನೋಡ್ರಿ. ಬಂದ್ರ ತಲಿ ತಗ್ಗಿಸ್ಕೊಂಡು ಚಾ ಕುಡುದು ಹೋಗ್ತಿದ್ರಿ. ಇವತ್ತು ಮದುವಿ ಮನಿಗೆ ಬಂದಂಗ ಬಂದೀರಿ."

"ಈಕಿ ಮಾತ ಹಿಂಗ!" ಎಂದು ನಗುತ್ತ ಮಂದಾಕಿನಿ, ಡ್ರಮ್ಮು ಇಳಿಸಲು ಚಾಲಕನನ್ನು ಕರೆಯುತ್ತ ಜೀಪಿನತ್ತ ಹೋದಳು.

ವಾರಿಜಾ ಅಲ್ಲೇ ನಿಂತಳು. "ಅವರು ಯಾಕಮ್ಮ ತಲೆ ತಗ್ಗಿಸುತ್ತಿದ್ದರು?"

"ನೀವ್ಯಾರ್ರೀ?"

"ಅವರಿಗೆ ಪಾಠ ಹೇಳಿದವಳು."

"ಹಂಗಾರ ನಿಮಗ ಗೊತ್ತಿರಬೇಕಿತ್ತು," ಎಂದಳು ಹುಲಿಗೆಮ್ಮ. "ಸೊಳ್ಳಿ ತಿಂತಾವಂತ ಅದ್ಯಾವ್ದೋ ಮೀನ ತಂದು ಬಿಟ್ರು. ಸೊಳ್ಳಿ ಇದ್ದಂಗ ಅದಾವ. ನಮ್ಮ ಸಣ್ಣಮೀನದ ತತ್ತಿ, ಮರಿ ಎಲ್ಲಾ ತಿಂದು ಹಾಕಿದ್ವು. ಈ ಏರಿ ಮ್ಯಾಲ ಮೀನ ಒಣಗಿಸಿ ಸಂತಿಗೆ ಒಯ್ತಿದ್ದೆ ನಾನು. ಅದು ಮುಗೀತು. ಗೊತ್ತಾದ ಮ್ಯಾಲ ಈ ಮೇಡಮ್ಮಾರು ಒಬ್ರಾ ಬಂದು ನನ್ನ ಹೊಸ್ತಿಲ ಮುಂದ ಕುಂತು ಅತ್ತದ್ದ ಅತ್ತದ್ದು. ಮೀನ ಹೋಗಿದ್ದು ನಂದು, ಸಮಾಧಾನ ಮಾಡಾಕಿನೂ ನಾನಾ!"

ಹುಲಿಗೆಮ್ಮ ನಕ್ಕಳು. ಆಮೇಲೆ ಜಾಲಿಗಿಡದ ಕೆಳಗಿದ್ದ ಹೊಂಡದತ್ತ ಕೈ ಮಾಡಿದಳು.

"ಆವತ್ತಿಂದ ಮ್ಯಾಲಿಂದ ಏನ ಬರಲಿ, ಮದ್ಲು ಅದ್ರಾಗ ನಮ್ಮ ಮೀನಿನ ಜೋಡಿ ಒಂದು ಮಳಿಗಾಲ ಇಟ್ಟು ನೋಡೋರು. ಸಾಹೇಬ್ರು ಬೈದ್ರೂ ಬಿಡ್ತಿದ್ದಿಲ್ಲ. ಇವತ್ತು ಹೊಂಡದ ಕಡಿ ತಿರುಗೀನೂ ನೋಡ್ಲಿಲ್ಲ. ಸೀದಾ ನೀರಿಗೇ ಹೊಂಟಾರ. ಏನಾಗೇತ್ರಿ ಅವರಿಗೆ?"

ವಾರಿಜಾ ಹೊಂಡದತ್ತ ನೋಡಿದಳು. ಆ ಹೊಂಡ ಯಾವ ಪಠ್ಯದಲ್ಲೂ ಇರಲಿಲ್ಲ. ಆದ್ದರಿಂದ ಅವಳ ಯಂತ್ರದಲ್ಲೂ ಇರಲಿಲ್ಲ. ಅದನ್ನು ಮಂದಾಕಿನಿಗೆ ಯಾರೂ ಕಲಿಸಿರಲಿಲ್ಲ. ನಾಚಿಕೆಯಿಂದ ಹುಟ್ಟಿದ ಎಚ್ಚರ ಅದು, ತಪ್ಪು ಪಾಠದ ಬೆನ್ನಿಗೇ ಅಂಟಿಕೊಂಡು ಬೆಳೆದದ್ದು. ಪಾಠವನ್ನು ಕಿತ್ತಾಗ ಅದೂ ಕಿತ್ತುಬಂದಿತ್ತು. ಕಿತ್ತುಬರುವಾಗ ಮಂದಾಕಿನಿಯ ಕಣ್ಣಲ್ಲಿ ನೀರು ಬಂದದ್ದನ್ನು ವಾರಿಜಾ ನೋಡಿದ್ದಳು, ನೋಡಿ ಗಾಳಿ ಎಂದಿದ್ದಳು. ಬೇರೆ ಜಿಲ್ಲೆಗಳವರೂ ಅತ್ತಿದ್ದರೇ? ಅವಳಿಗೆ ನೆನಪಾಗಲಿಲ್ಲ. ಅವಳು ಆಗೆಲ್ಲ ದೀಪದ ಬಣ್ಣವನ್ನಷ್ಟೇ ನೋಡುತ್ತಿದ್ದಳು. ಅವರೆಲ್ಲ ಈಗ ಎಲ್ಲೆಲ್ಲಿ, ಏನೇನನ್ನು, ಹೀಗೆಯೇ ಗುನುಗುತ್ತ ಸುರಿಯುತ್ತಿರಬಹುದು? ಅವಳ ಕಿವಿಗಳು ಬಿಸಿಯಾದವು.

ಅವಳು ಏರಿಯಿಳಿದು ಓಡಿದಳು. ಡ್ರಮ್ಮು ಆಗಲೇ ನೀರಿನಂಚಿನಲ್ಲಿತ್ತು. ಏದುಸಿರು ಬಿಡುತ್ತಲೇ ಮೀನಿನ ಕಥೆಯನ್ನೆಲ್ಲ ಹೇಳಿದಳು. ಮಂದಾಕಿನಿ ಗಮನವಿಟ್ಟು ಕೇಳಿದಳು.

"ಅಯ್ಯ, ಪಾಪ. ಯಾರ್ರೀ ಹಂಗ ಮಾಡಿದ್ದು?"

"ನೀವು."

ಮಂದಾಕಿನಿ ತಲೆಯಾಡಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನೋವೂ ಇರಲಿಲ್ಲ. ಪತ್ರಿಕೆಯಲ್ಲಿ ಬೇರೆ ಊರಿನ ಸುದ್ದಿ ಓದಿದವರ ಮುಖ ಅದು.

"ಇರಬಹುದು ಮೇಡಂ. ಆ ಪಾಠ ತಪ್ಪಿತ್ತು, ನೀವಾ ತಗದ್ರಿ. ಈ ಪಾಠ ಸರಿ ಅದ. ನೀವಾ ಕೊಟ್ಟೀರಿ. ಹೌದಲ್ರೀ?"

ಹೌದು ಎನ್ನಲು ವಾರಿಜಾಳಿಂದಾಗಲಿಲ್ಲ. ಅಲ್ಲ ಎನ್ನಲು ಕೈಯಲ್ಲಿ ಪುರಾವೆಯಿರಲಿಲ್ಲ. ಹುಳುಗಳು ಒಳ್ಳೆಯವೇ ಇರಬಹುದು. ಮಂದಾಕಿನಿ ಮುಚ್ಚಳಕ್ಕೆ ಕೈ ಹಾಕಿದಳು. ಬೇರೇನೂ ತೋಚದೆ ವಾರಿಜಾ ಡ್ರಮ್ಮಿನ ಮೇಲೆ ಹತ್ತಿ ಕುಳಿತುಬಿಟ್ಟಳು.

"ಇದೇನ್ರೀ ಮೇಡಂ, ಸಣ್ಣ ಹುಡುಗ್ರಂಗ!"

"ಮೊದಲು ಹೊಂಡದಲ್ಲಿ ಇಡೋಣ. ಒಂದು ಮಳೆಗಾಲ."

"ಯಾತಕ್ಕ? ಪಾಠದಾಗ ಇಲ್ಲಲ್ಲ."

"ಇಲ್ಲ," ಎಂದಳು ವಾರಿಜಾ. "ನಾನು ಹಾಕಿಲ್ಲ."

ಚಾಲಕ ಮುಖ ಆಚೆ ತಿರುಗಿಸಿ ನಗು ನುಂಗಿದ. ಏರಿಯ ಮೇಲಿಂದ ಹುಲಿಗೆಮ್ಮ, "ಗಟ್ಟಿ ಕುಂದರ್ರಿ ಅಕ್ಕಾ, ಡ್ರಮ್ಮು ಉಳ್ಳೀತು!" ಎಂದು ಕೂಗಿದಳು. ಸೀರೆಯ ಅಂಚು ಕೆಸರಿನಲ್ಲಿ, ಕಾಲು ನೆಲಕ್ಕೆ ಎಟುಕದೆ, ರಾಜ್ಯಕ್ಕೆಲ್ಲ ಪಾಠ ಹೇಳಿದ ವಿಜ್ಞಾನಿ ತಲೆ ತಗ್ಗಿಸಿದಳು. ಕಣ್ಣೀರು ತಡೆಯಲಾಗಲಿಲ್ಲ.

ಮಂದಾಕಿನಿ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಮಕ್ಕಳನ್ನು ಸಂತೈಸುವ ದನಿಯಲ್ಲಿ ಹೇಳಿದಳು: "ಅಳಬ್ಯಾಡ್ರಿ. ನೀವೂ ಒಮ್ಮೆ ಆ ಕುರ್ಚಿ ಮ್ಯಾಲ ಕುಂತು ಬರ್ರಿ ಮೇಡಂ. ಎಷ್ಟು ಹಗುರಾಗ್ತದ ಗೊತ್ತೇನು?"

ಆ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿ ಮರುಗಿಯೇ ಹೇಳಿದ್ದಳು.

ವಾರಿಜಾ ಮುಚ್ಚಳದ ಅಂಚನ್ನು ಎರಡೂ ಕೈಗಳಿಂದ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.