ಅಲುಗದ ತಲೆ

ನವೆಂಬರ್ 27, ಗುರುವಾರ ಬೆಳಿಗ್ಗೆ ಆದೋನಿಯ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಕಳವಿಲ್ಲ, ಹೊಡೆದಾಟವಿಲ್ಲ. ಒಬ್ಬ ಮನುಷ್ಯ ಎರಡು ಗಂಟೆ ತಲೆ ಅಲುಗಿಸದೆ ಕೂತಿದ್ದಾನೆ, ಅದು ಹೇಗೆ ಸಾಧ್ಯ ಎಂದು ವಿಚಾರಿಸಬೇಕು. ಇಷ್ಟೇ ದೂರು. ಇನ್‌ಸ್ಪೆಕ್ಟರ್ ಈಶ್ವರಿ ಅರ್ಜಿಯನ್ನು ಎರಡು ಸಲ ಓದಿ, ತಂದವಳನ್ನು ಕುರ್ಚಿಯಲ್ಲಿ ಕೂರಿಸಿದಳು.

ಅವಳ ಹೆಸರು ಶ್ರಾವಣಿ. ಊರು ಪೆದ್ದಕಡುಬೂರು. ಆದೋನಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುತ್ತಿಗೆ ಗುಮಾಸ್ತೆ. ಅಲ್ಲಿದ್ದ ಒಂದೇ ಒಂದು ಕಾಯಂ ಹುದ್ದೆಗೆ ನವೆಂಬರ್ 15ರಂದು ಆನ್‌ಲೈನ್ ಪರೀಕ್ಷೆ ನಡೆದಿತ್ತು. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಬರೆಯಬೇಕು. ಕಾವಲಿಗೆ ಮೇಷ್ಟರಿಲ್ಲ, ಎಐ ಇದೆ. ಕ್ಯಾಮೆರಾದಿಂದ ಅದು ಮುಖವನ್ನು ಬಿಡುಗಣ್ಣಾಗಿ ನೋಡುತ್ತದೆ. ಮುಖ ಅತ್ತಿತ್ತ ಹೊರಳಿದರೆ ಎಚ್ಚರಿಕೆ, ಮೂರು ಎಚ್ಚರಿಕೆಯಾದರೆ ಪರೀಕ್ಷೆ ರದ್ದು.

“ಮಗು ಅಳಾಕತ್ತಿತ್ತು ಮೇಡಂ. ಮೂರು ಸಲ ಬಾಗಿಲ ಕಡಿ ನೋಡಿದೆ. ರದ್ದಾತು.”

“ಸೆಲೆಕ್ಟ್ ಆದೋರು ಯಾರು?”

“ವಿಠಲ್ ಸಾರ್. ನಮ್ಮ ಆಫೀಸಿನೋರೇ. ಅವರಿಗೆ ತಲಿ ನಡುಗೋ ಜಡ್ಡು ಐತ್ರಿ. ರಜಾ ಕೇಳಿದ್ರ ಬಾಯಿ ‘ತಗೋಮ್ಮ’ ಅಂತೈತಿ, ತಲಿ ‘ಬ್ಯಾಡ’ ಅಂತೈತಿ. ಅಂಥೋರಿಗೆ ಒಂದು ಎಚ್ಚರಿಕಿನೂ ಬಂದಿಲ್ಲಂತ. ಅವರ ಮ್ಯಾಲ ನನಗ ಸಿಟ್ಟಿಲ್ರಿ. ಆದ್ರ ಹೆಂಗ ಅಂತ ತಿಳೀಬೇಕಲ್ಲ?”

ಈಶ್ವರಿಯ ತಲೆಗೆ ಒಂದು ಪ್ರಶ್ನೆ ಹೊಕ್ಕರೆ, ಉತ್ತರ ಸಿಗುವವರೆಗೆ ಅವಳಿಗೆ ಊಟ ರುಚಿಸುವುದಿಲ್ಲ. ಅಂದೇ ಎಫ್‌ಐಆರ್ ದಾಖಲಿಸಿ, ಪರೀಕ್ಷೆ ನಡೆಸಿದ ಕಂಪನಿಗೆ ನೋಟಿಸು ಕಳಿಸಿದಳು. ಶನಿವಾರ ವರದಿ, ವಿಡಿಯೊ ಎರಡೂ ಬಂದವು. ವರದಿಯಲ್ಲಿ ‘ಶಂಕಾಸ್ಪದ ಚಲನೆ: ಸೊನ್ನೆ’ ಎಂದಿತ್ತು.

ಕಾನ್‌ಸ್ಟೆಬಲ್ ಮಲ್ಲಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಎರಡು ಗಂಟೆಯನ್ನೂ ನೋಡಿದಳು. ಐವತ್ತರ ಆಸುಪಾಸಿನ ಮನುಷ್ಯ, ಹಿಂದೆ ಮನೆಯ ಕಂಬ. ಹಣೆಯಲ್ಲಿ ನೆಟ್ಟಗೆ ಒಂದು ಕಪ್ಪು ಗೆರೆ, ಅದರ ಬುಡದಲ್ಲಿ ಒಂದು ಬೊಟ್ಟು. ಕಣ್ಣು ಮಿಟುಕಿಸುತ್ತಾರೆ, ಉಗುಳು ನುಂಗುತ್ತಾರೆ. ತಲೆ ಮಾತ್ರ ಅಲುಗುವುದಿಲ್ಲ.

“ಗುಳಿಗಿ ನುಂಗಿ ಕುಂತಿರಬೇಕು ಮೇಡಂ,” ಎಂದು ಮಲ್ಲಯ್ಯ ಆಕಳಿಸಿದ.

ಡಿಸೆಂಬರ್ 1, ಸೋಮವಾರ ಬೆಳಿಗ್ಗೆ ಇಬ್ಬರೂ ವಿಠಲ್ ರಾವ್ ಮನೆಗೆ ಹೋದರು. ಬಾಗಿಲು ತೆರೆದ ವಿಠಲ್ ರಾವ್ “ಒಳಗ ಬರ್ರಿ” ಎಂದರು. ಅದೇ ಹೊತ್ತಿಗೆ ಅವರ ತಲೆ ಬೇಡ ಬೇಡ ಎಂದು ಆಡಿತು. ಮಲ್ಲಯ್ಯ ಹೊಸ್ತಿಲಲ್ಲೇ ಕಾಲು ತಡೆದ. ಈಶ್ವರಿ ಅವನನ್ನು ಮೆಲ್ಲಗೆ ಒಳಗೆ ತಳ್ಳಬೇಕಾಯಿತು.

“ಪರೀಕ್ಷೆ ಎಲ್ಲಿ ಬರದ್ರಿ?”

“ಇಲ್ಲೇ, ಪಡಸಾಲ್ಯಾಗ.”

“ಅವತ್ತು ತಲಿ ನಡುಗಲಿಲ್ಲೇನು?”

“ಕಂಬಕ್ಕ ಆನಿಸಿದ್ರ ನಿಲ್ತೈತ್ರಿ.” ಅವರು ಕಂಬಕ್ಕೆ ಒರಗಿ ಕೂತು ತೋರಿಸಿದರು. ನಿಜ, ತಲೆ ನಿಂತಿತು. ಈಶ್ವರಿಗೆ ನಿರಾಸೆಯಾಯಿತು. ಇಷ್ಟು ಸರಳವೇ ಎಂದುಕೊಂಡು ಏಳುವಷ್ಟರಲ್ಲಿ ಅವರ ಹೆಂಡತಿ ಅಂಬೂಬಾಯಿ ಚಹಾ ತಂದರು. ಲೋಟ ಎರಡೇ.

“ನೀವು ತಗೊಳ್ಳಂಗಿಲ್ಲೇನ್ರಿ?”

“ಇವತ್ತು ಏಕಾದಶಿ ಅಲ್ರೀ. ನಮ್ಮ ಮನ್ಯಾಗ ಉಪವಾಸ.”

ಈಶ್ವರಿ ಚಹಾ ಕುಡಿಯುತ್ತಾ ವಿಠಲ್ ರಾವ್ ಹಣೆ ನೋಡಿದಳು. ಕಪ್ಪು ಗೆರೆ ಇತ್ತು, ಬೊಟ್ಟು ಇರಲಿಲ್ಲ.

“ಬೊಟ್ಟು ಇಡೋದು ಮರ್ತೀರೇನು?”

ಗಂಡ ಬಾಯಿ ತೆರೆಯುವ ಮೊದಲೇ ಅಂಬೂಬಾಯಿ ಹೆಮ್ಮೆಯಿಂದ ಹೇಳಿದರು: “ಅದು ಅಕ್ಷತಿರಿ. ಏಕಾದಶಿ ದಿನ ಇಡಂಗಿಲ್ಲ, ಬರೇ ಅಂಗಾರದ ಗೆರಿ. ಜ್ವರ ಬಂದ್ರೂ ಇವರು ಒಂದು ಏಕಾದಶಿ ಬಿಟ್ಟೋರಲ್ಲ.”

ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿತ್ತು. ಈಶ್ವರಿ ಎದ್ದು ಹೋಗಿ ಹಿಂದಿನ ತಿಂಗಳ ಹಾಳೆ ಎತ್ತಿದಳು. ನವೆಂಬರ್ 15, ಏಕಾದಶಿ.

“ಪರೀಕ್ಷೆ ದಿನಾನೂ ಏಕಾದಶಿ ಇತ್ತಲ್ರೀ ಸಾರ್. ವಿಡಿಯೊದಾಗ ಅಕ್ಷತಿ ಹೆಂಗ ಬಂತು?”

ಅಂಬೂಬಾಯಿ ಗಂಡನ ಮುಖ ನೋಡಿದರು. ವಿಠಲ್ ರಾವ್ ಕಣ್ಣು ಮುಚ್ಚಿಕೊಂಡರು. ಆಗ ತಲೆ ಇನ್ನೂ ಜೋರಾಗಿ ನಡುಗಿತು.

ಪಕ್ಕದ ಮನೆಯ ಶ್ರೀನಿವಾಸರನ್ನೂ ಎದುರಿನ ಅಂಗಡಿಯವನನ್ನೂ ಪಂಚರಾಗಿ ಕರೆದು, ಪಂಚನಾಮೆ ಬರೆದು ಲ್ಯಾಪ್‌ಟಾಪ್ ವಶಪಡಿಸಿಕೊಂಡರು. ಅದರಲ್ಲಿ ನವೆಂಬರ್ 14ರಂದು ತೆಗೆದ ವಿಡಿಯೊ ಇತ್ತು. ಎದುರಿಗಿರುವ ಮುಖದ ಬದಲು ಹಳೆಯ ವಿಡಿಯೊವನ್ನು ಕ್ಯಾಮೆರಾದ ಹೆಸರಿನಲ್ಲಿ ತೋರಿಸುವ ಸಾಫ್ಟ್‌ವೇರೂ ಇತ್ತು. ಎಐ ಎರಡು ಗಂಟೆ ಕಾವಲು ಕಾದದ್ದು ಹಿಂದಿನ ದಿನದ ವಿಠಲ್ ರಾವ್ ಅವರನ್ನು.

ಠಾಣೆಯಲ್ಲಿ ಈಶ್ವರಿ ನೇರವಾಗಿ ಕೇಳಿದಳು: “ಹಂಗಾದ್ರ ಪರೀಕ್ಷೆ ಬರದೋರು ಯಾರು?”

“ನಾನೇ.”

“ನೀವೇ ಬರಿಯೋದಾದ್ರ ವಿಡಿಯೊ ಯಾಕ ಬೇಕಿತ್ತು?”

“ನಂಬಿಕಿ ಇಲ್ಲಂದ್ರ ಪ್ರಶ್ನಿ ಕೇಳಿ ನೋಡ್ರಿ,” ಎಂದರು ಅವರು. ಈಶ್ವರಿ ಕಂಪನಿಯಿಂದ ಬಂದಿದ್ದ ಪ್ರಶ್ನೆಪತ್ರಿಕೆ ತೆಗೆದು ಒಂದೊಂದಾಗಿ ಕೇಳತೊಡಗಿದಳು. ರಜೆಯ ನಿಯಮ, ಶುಲ್ಕದ ಲೆಕ್ಕ, ಪಿಂಚಣಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. ಪರೀಕ್ಷೆಯಲ್ಲಿ ಎರಡು ಉತ್ತರ ತಪ್ಪಿದ್ದವು. ಇಲ್ಲೂ ಅವೇ ಎರಡು ತಪ್ಪು, ಅದೇ ತಪ್ಪು ಉತ್ತರ, ಅದೂ ಭಾರಿ ಖಾತರಿಯಿಂದ! ಮಲ್ಲಯ್ಯ ನಕ್ಕುಬಿಟ್ಟ. ಈಶ್ವರಿ ಹಾಳೆ ಕೆಳಗಿಟ್ಟಳು.

“ಈಗ ಹೇಳ್ರಿ ಸಾರ್, ವಿಡಿಯೊ ಯಾಕ?”

“ಕಂಬಕ್ಕ ಆನಿಸಿದ್ರ ಅಕ್ಷರ ಕಾಣಂಗಿಲ್ರಿ. ಓದಾಕ ಮುಂದ ಬಗ್ಗಿದ್ರ ತಲಿ ನಿಲ್ಲಂಗಿಲ್ಲ. ಹಿಂದ ಎರಡು ವರ್ಷ ಎರಡು ಸಲ ಬರದೆ, ಹತ್ತು ನಿಮಿಷ ಆಗೋದ್ರಾಗ ರದ್ದು. ಅತ್ತಿತ್ತ ನೋಡ್ತಾನ, ಕಳ್ಳ ಅಂತ. ಡಾಕ್ಟರ ಚೀಟಿ ಹಚ್ಚಿ ಕಂಪನಿಗೆ ಬರದೆ. ‘ಮುಂದಿನ ಬಾರಿ ಅಲುಗದೆ ಕುಳಿತುಕೊಳ್ಳಿ’ ಅಂತ ಉತ್ತರ ಬಂತು. ವಯಸ್ಸಿನ ಲೆಕ್ಕದಾಗ ಇದೇ ಕಡೀ ಅವಕಾಶ ಇತ್ತು. ಹದಿನಾರು ವರ್ಷದಿಂದ ಗುತ್ತಿಗಿ ಮ್ಯಾಲೇ ಅದೀನ್ರಿ.”

ಕಂಪನಿಯ ಆ ಉತ್ತರವನ್ನು ಈಶ್ವರಿ ಅವರ ಮೊಬೈಲಿನಲ್ಲಿ ತೆರೆಸಿ ಎರಡು ಸಲ ಓದಿದಳು. ಆದರೆ ಮೋಸ ಮೋಸವೇ. ಮಗು ಅತ್ತದ್ದಕ್ಕೆ ಪರೀಕ್ಷೆ ಕಳೆದುಕೊಂಡ ಶ್ರಾವಣಿಯೂ ಅವಳ ಕಣ್ಣ ಮುಂದಿದ್ದಳು. ಸಂಜೆ ನಾಲ್ಕೂವರೆಗೆ ಬಂಧನ ದಾಖಲಾಯಿತು. ಹಿಂದೆ ಎರಡು ಸಲ ರದ್ದಾದದ್ದು, ಡಾಕ್ಟರ ಚೀಟಿ, ಕಂಪನಿ ಕೊಟ್ಟ ಉತ್ತರ, ಆ ಎರಡು ತಪ್ಪು ಉತ್ತರ, ಎಲ್ಲವನ್ನೂ ಅವಳು ವರದಿಯಲ್ಲಿ ಬರೆದಳು. ಠಾಣೆಯಲ್ಲೇ ಜಾಮೀನು ಕೊಡಲು ಕಾಗದ ತಯಾರಾಯಿತು. ಶ್ರಾವಣಿಗೆ ಫೋನು ಮಾಡಿ, ಹೇಗೆ, ಯಾಕೆ ಎಂಬುದನ್ನು ಹೇಳಿದಳು.

“ಸಾರ್ ನನಗ ಒಂದು ಮಾತು ಹೇಳಿದ್ರ ಇಬ್ಬರೂ ಕೂಡೇ ಹೋಗಿ ಕಂಪನಿಯೋರ ಸಂಗಡ ಜಗಳ ಮಾಡ್ತಿದ್ವಲ್ರೀ ಮೇಡಂ,” ಎಂದಳು ಶ್ರಾವಣಿ.

ಬಂಧಿತನ ಫೋಟೊ ತೆಗೆಯುವುದೊಂದು ಬಾಕಿಯಿತ್ತು. ಮಲ್ಲಯ್ಯ ಮೊಬೈಲು ಹಿಡಿದು, “ಸಾರ್, ಸ್ವಲ್ಪ ಅಲುಗದಂಗ ನಿಂದರ್ರಿ” ಎಂದ. ವಿಠಲ್ ರಾವ್ ಹಿಂದೆ ಸರಿದು, ತಲೆ ಆನಿಸಲು ಗೋಡೆ ಹುಡುಕಿದರು.

“ಬ್ಯಾಡ್ರಿ ಸಾರ್, ಗ್ವಾಡಿ ಬಿಟ್ಟು ಮುಂದ ಬರ್ರಿ,” ಎಂದಳು ಈಶ್ವರಿ. “ಮಲ್ಲಯ್ಯ, ಅವರು ಹೆಂಗ ಅದಾರೋ ಹಂಗೇ ತೆಗಿ.”

ಫೋಟೊದಲ್ಲಿ ಮುಖ ಮಸುಕಾಗಿ ಬಂತು. ಈಶ್ವರಿ ಅದನ್ನೇ ಫೈಲಿಗೆ ಸೇರಿಸಿ ಸಹಿ ಹಾಕಿದಳು.